ನೀಲತ್ತಿಯ ಕೈಗುಣ

ನಮ್ಮ ಅಡುಗೆಮನೆಯ ಗೋಡೆಯಲ್ಲಿ, ಒಲೆಯ ಹೊಗೆಗೆ ಅಂಚೆಲ್ಲ ಕಪ್ಪಾದ ಒಂದು ಮಾಡವಿದೆ. ದೀಪಕ್ಕೆಂದು ಕಟ್ಟಿಸಿದ ಮಾಡ. ಆದರೆ ನನಗೆ ನೆನಪಿರುವ ಮಟ್ಟಿಗೆ ಅದರಲ್ಲಿ ದೀಪ ಉರಿದದ್ದಿಲ್ಲ, ಔಷಧಗಳೇ ಕೂತಿವೆ. ಬಜೆಯ ಬೇರು, ಹಿಪ್ಪಲಿ, ಅಳಲೆಕಾಯಿ. ಅವುಗಳ ಪಕ್ಕದಲ್ಲಿ ಹುಬ್ಬಳ್ಳಿಯ ಹಕೀಮರೊಬ್ಬರು ಕೊಟ್ಟ ಗುಲ್ಕಂದದ ಭರಣಿ. ಅದಕ್ಕೆ ಒರಗಿಕೊಂಡು ಕ್ವಿನೈನಿನ ಸೀಸೆ. ಮೈಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ, ಒಂದು ಹಲ್ಲಿಗೆ ಒಂದು ಗುಟುಕು ಎಂದು ಕುಡಿಯಬೇಕಾದ ದವಾಖಾನೆಯ ಔಷಧ. ಎಲ್ಲಕ್ಕಿಂತ ಮುಂದೆ, ಈಚೆಗೆ ನನಗೆ ಪೆನಿಸಿಲಿನ್ ಚುಚ್ಚಿದಾಗ ಉಳಿದ, ಮಗಳು ಆಟಕ್ಕೆಂದು ಬೇಡಿ ತಂದ ಪುಟ್ಟ ಗಾಜಿನ ಬುಡ್ಡಿ.

ಸಾಲೆಯಲ್ಲಿ ಇತಿಹಾಸ ಕಲಿಸುವವನು ನಾನು. ಅರಸರನ್ನು ಒಬ್ಬರ ಹಿಂದೊಬ್ಬರನ್ನು ಸಾಲಾಗಿ ನಿಲ್ಲಿಸಿ ಮಕ್ಕಳಿಗೆ ತೋರಿಸುವುದು ನನಗೆ ಕಷ್ಟವೇನಲ್ಲ. ಒಬ್ಬ ಬಿದ್ದ ಮೇಲೆ ಇನ್ನೊಬ್ಬ ಏಳುತ್ತಾನೆ. ಆದರೆ ಈ ಮಾಡದ ಮುಂದೆ ನಿಂತಾಗ ನನ್ನ ಲೆಕ್ಕಾಚಾರ ತಪ್ಪುತ್ತದೆ. ಇಲ್ಲಿ ಯಾರೂ ಬಿದ್ದಿಲ್ಲ, ಎಲ್ಲರೂ ಒತ್ತೊತ್ತಾಗಿ ಕೂತಿದ್ದಾರೆ. ಹಕೀಮರ ವಿದ್ಯೆಯನ್ನು ಯುನಾನಿ ಎನ್ನುತ್ತೇವೆ. ಯುನಾನ ಎಂದರೆ ಗ್ರೀಸ್ ದೇಶ. ಅಲ್ಲಿಂದ ಹೊರಟ ವಿದ್ಯೆ ಅರಬರ ನಾಡಿನಲ್ಲಿ ಕೆಲವು ನೂರು ವರ್ಷ ತಂಗಿ, ಅವರ ಮಾತು ಕಲಿತು, ಹುಬ್ಬಳ್ಳಿಯ ಓಣಿಯೊಂದಕ್ಕೆ ಬಂದು ಗುಲ್ಕಂದವಾಯಿತು. ಅದೇ ವಿದ್ಯೆ ಇನ್ನೊಂದು ದಾರಿ ಹಿಡಿದು ಯುರೋಪಿಗೆ ಹೋಗಿ, ಅಲ್ಲಿ ಕ್ಷೌರಿಕರ ಕೈಯಿಂದ ಜನರ ರಕ್ತ ತೆಗೆಸುತ್ತ ಬಹುಕಾಲ ಬಾಳಿ, ಕೊನೆಗೆ ತನ್ನನ್ನು ತಾನೇ ಅಲ್ಲಗಳೆದು, ಸೀಸೆಯೊಳಗೆ ಕೂತು ಹಡಗಿನಲ್ಲಿ ಬಂತು. ಹಾಗಾದರೆ ಇವರಿಬ್ಬರು ನಂಟರೋ, ವೈರಿಗಳೋ? ನನಗೆ ತಿಳಿಯುವುದಿಲ್ಲ. ತಿಳಿಯದಿರುವುದು ಇದೊಂದೇ ಆಗಿದ್ದರೆ ನಾನು ಈ ಬರಹಕ್ಕೆ ಕೈ ಹಾಕುತ್ತಿರಲಿಲ್ಲ. ನನ್ನ ಗೊಂದಲಕ್ಕೆ ಒಂದು ಹೆಸರಿದೆ: ನೀಲತ್ತಿ.

ನೀಲವ್ವ ನನ್ನ ತಂದೆಯ ಅಕ್ಕ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು ಅಮರಗೋಳದ ತವರಿಗೆ ಮರಳಿದವಳು. ಪ್ಲೇಗಿನ ವರ್ಷ, ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ, ನನ್ನ ತಂದೆತಾಯಿ ಒಂದೇ ವಾರದಲ್ಲಿ ತೀರಿಕೊಂಡರು. ಎರಡು ವರ್ಷದ ನನ್ನನ್ನು ಸೊಂಟಕ್ಕೇರಿಸಿಕೊಂಡು ಊರೊಳಗೆ ತಿರುಗಿ ಬಂದವಳು ಅವಳು. ನನ್ನ ಅಜ್ಜ, ಅಂದರೆ ಅವಳ ತಂದೆ, ಊರ ವೈದ್ಯರಾಗಿದ್ದರು. ಆ ವರ್ಷ ಅಜ್ಜ ಮಗನ ನಾಡಿ ಹಿಡಿದು ಸುಮ್ಮನೆ ಕೂತಿದ್ದರಂತೆ. ಹುಬ್ಬಳ್ಳಿಯಿಂದ ಬಂದ ಸರಕಾರದ ಡಾಕ್ಟರರು ಸೂಜಿ ಹಿಡಿದು ಊರ ಬಾಗಿಲಲ್ಲಿ ನಿಂತಿದ್ದರಂತೆ. ಜನ ನಾಡಿಯನ್ನು ನಂಬಿ ಸೂಜಿಗೆ ಹೆದರಿ ಓಡಿದರಂತೆ. ಅಜ್ಜ ಹೋದ ಮೇಲೆ ಅವರ ವಿದ್ಯೆಯಲ್ಲಿ ಉಳಿದದ್ದಿಷ್ಟು: ಓದುಬರಹ ಬಾರದ ಮಗಳು, ಅವರು ಅರೆಯುವಾಗ ಕುಟ್ಟುವಾಗ ಪಕ್ಕದಲ್ಲಿ ಕೂತು ಕೇಳಿ ನೆನಪಿಟ್ಟುಕೊಂಡದ್ದು.

ಅದರಲ್ಲೇ ಅವಳು ಬೆಳೆದಳು. ಮೂವತ್ತು ವರ್ಷ ಅಮರಗೋಳದಲ್ಲಿ ಹುಟ್ಟಿದ ಮಕ್ಕಳೆಲ್ಲ ಮೊದಲು ಮುಟ್ಟಿದ್ದು ನೀಲತ್ತಿಯ ಕೈಯನ್ನೇ. ‘ಆಕಿ ಕೈಗುಣ ಛಲೋ’ ಎಂದು ಜನ ಹೇಳುತ್ತಿದ್ದರು. ಕೈಗುಣ ಎಂಬ ಈ ನಮ್ಮ ಮಾತು ನನಗೆ ಬಹಳ ಇಷ್ಟ. ಔಷಧದ್ದೊಂದು ಗುಣ, ಕೊಡುವ ಕೈಯದ್ದೊಂದು ಗುಣ. ಅದೇ ಕಷಾಯ ಒಬ್ಬರ ಕೈಯಲ್ಲಿ ನೀರು, ಇನ್ನೊಬ್ಬರ ಕೈಯಲ್ಲಿ ಅಮೃತ. ಆ ಮಾತಿನೊಳಗೆ ಇನ್ನೂ ಒಂದು ಅರ್ಥ ಅಡಗಿ ಕೂತಿರಬಹುದೆಂದು ನನಗೆ ಹೊಳೆದದ್ದು, ಈ ಎರಡನೆಯ ಮಹಾಯುದ್ಧ ಶುರುವಾಗುವ ಸ್ವಲ್ಪ ಮುಂಚೆ, ನನ್ನ ಹೆಂಡತಿ ಗಿರಿಜೆಯ ಚೊಚ್ಚಲ ಹೆರಿಗೆಯಲ್ಲಿ.

ಧಾರವಾಡದಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿ ನಮ್ಮೂರ ಸಾಲೆಗೇ ಬಂದಿದ್ದೆ. ಹೆರಿಗೆಗೆ ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ಯಬೇಕೆಂಬ ವಿಚಾರ ನನ್ನ ತಲೆಗೆ ಬಂದಿತ್ತು. ಆದರೆ ಸ್ವತಃ ನೀಲತ್ತಿ ಮನೆಯಲ್ಲಿರುವಾಗ ಹಾಗೆನ್ನುವುದು ಅವಳ ಮುಖಕ್ಕೆ ಬಾಗಿಲು ಹಾಕಿದಂತೆ ಎನಿಸಿ ಸುಮ್ಮನಾದೆ. ಗಿರಿಜೆಗೂ ಅತ್ತೆಯ ಮೇಲೆಯೇ ಭರವಸೆ. ಹೆರಿಗೆ ಸುಸೂತ್ರವಾಗಿ ಆಯಿತು. ಮಧ್ಯಾಹ್ನ ಮಗ ಹುಟ್ಟಿದ. ಅತ್ತೆ ಕೂಸನ್ನು ನನ್ನ ಮುಂದೆ ಹಿಡಿದು, ಮೂಗು ಅಜ್ಜನದೇ ಎಂದಳು.

ಮೂರನೆಯ ದಿನ ಗಿರಿಜೆಗೆ ಚಳಿ ಬಂತು, ಹಿಂದೆಯೇ ಜ್ವರ. ಹಾಲು ಇಳಿಯುವಾಗ ಬರುವ ಜ್ವರ, ಒಂದು ದಿನದಲ್ಲಿ ಇಳಿಯುತ್ತದೆ ಎಂದಳು ಅತ್ತೆ. ನಾನು ಒಪ್ಪಿ ಸಾಲೆಗೆ ಹೋದೆ. ಸಂಜೆ ಬಂದಾಗ ಗಿರಿಜೆಯ ಹೊಟ್ಟೆ ಮುಟ್ಟಿದರೆ ನರಳುವಷ್ಟು ನೋವಿತ್ತು. ಆಗಲೂ ಅತ್ತೆ ಕಷಾಯ ಕುದಿಸುತ್ತಿದ್ದಳು, ನಾನು ಕಾಯುತ್ತಿದ್ದೆ. ಮರುದಿನ ಬೆಳಿಗ್ಗೆ ಗಿರಿಜೆ ನನ್ನನ್ನು ನೋಡಿ ತನ್ನ ತೀರಿಹೋದ ಅಣ್ಣನ ಹೆಸರು ಹಿಡಿದು ಕರೆದಳು. ಅತ್ತೆ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು.

“ತಮ್ಮಾ, ಇದು ನನ್ನ ಕೈ ಮೀರೇತಿ. ಗಾಡಿ ಕಟ್ಟಸು,” ಎಂದಳು.

ಓದಿದವನಾದ ನಾನು ಆಡಬೇಕಾಗಿದ್ದ ಮಾತನ್ನು, ಒಂದು ದಿನ ತಡವಾಗಿ, ಓದದ ಅವಳೇ ಆಡಿದಳು. ಆ ಒಂದು ದಿನವನ್ನು ನಾನು ಎಲ್ಲಿಡಲಿ ಎಂಬುದು ಇವತ್ತಿಗೂ ಗೊತ್ತಾಗಿಲ್ಲ.

ಗಾಡಿ ತಂದವನು ನೆರೆಮನೆಯ ಬಡಿಗ ಫಕೀರಪ್ಪ. ಅವನಿಗೇ ಮೈ ಸರಿಯಿರಲಿಲ್ಲ. ವಾರದ ಹಿಂದೆ ಅವನ ಕೆನ್ನೆಯ ಮೇಲೆ ಬೆಂಕಿಯಂಥ ಕೆಂಪು ಬಾವು ಎದ್ದು, ಕಣ್ಣು ಮುಚ್ಚುವಷ್ಟು ಹರಡಿತ್ತು. ಅಜ್ಜ ಅದನ್ನು ವಿಸರ್ಪ ಎನ್ನುತ್ತಿದ್ದರೆಂದು ಹೇಳುತ್ತ, ಅತ್ತೆ ದಿನವೂ ರಕ್ತಚಂದನ, ಬೇವಿನೆಲೆ ಅರೆದು ಹಚ್ಚುತ್ತಿದ್ದಳು. ಈಗ ಇಳಿಯುತ್ತ ಬಂದಿತ್ತು, ಚರ್ಮ ಸುಲಿಯುತ್ತಿತ್ತು. ಆ ಉಪಕಾರಕ್ಕಾಗಿಯೇ ಅವನು ಬೇಡವೆಂದರೂ ಕೇಳದೆ ಎತ್ತು ಹೂಡಿಕೊಂಡು ಬಂದಿದ್ದ. ಅತ್ತೆ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಗಿರಿಜೆಯ ತಲೆಯನ್ನು ತೊಡೆಯ ಮೇಲೆ ಹಿಡಿದು, ಹುಬ್ಬಳ್ಳಿಯವರೆಗೂ ಕೂತಳು.

ಹೆಂಗಸರ ದವಾಖಾನೆಯ ಡಾಕ್ಟರಬಾಯಿ ನಡುವಯಸ್ಸಿನವರು, ಬೆಳಗಾವಿಯ ಕಡೆಯವರು; ಜನ ಅವರನ್ನು ಬರೇ ‘ಬಾಯಿ’ ಎನ್ನುತ್ತಿದ್ದರು. ಗಿರಿಜೆಯನ್ನು ನೋಡಿದರು, ಒಳಗೆ ಮಲಗಿಸಿದರು, ಹೊರಗೆ ಬಂದು ನಮಗೇನೋ ಹೇಳಬೇಕೆನ್ನುವಷ್ಟರಲ್ಲಿ ಅವರ ಕಣ್ಣು ಅಂಗಳದಲ್ಲಿ ಎತ್ತು ಬಿಚ್ಚುತ್ತಿದ್ದ ಫಕೀರಪ್ಪನ ಮುಖದ ಮೇಲೆ ಬಿತ್ತು. ಅವನನ್ನು ಹತ್ತಿರ ಕರೆದು, ಬೆಳಕಿಗೆ ತಿರುಗಿಸಿ ನೋಡಿದರು. ಯಾವಾಗಿನಿಂದ ಎಂದು ಕೇಳಿದರು. ಯಾರು ಔಷಧ ಹಚ್ಚಿದ್ದು ಎಂದರು.

“ನಾನs ಹಚ್ಚೇನ್ರಿ,” ಎಂದಳು ಅತ್ತೆ. ಅವಳ ದನಿಯಲ್ಲಿ ಇಷ್ಟಾದರೂ ನನ್ನಿಂದ ಆಯಿತಲ್ಲ ಎಂಬ ಸಣ್ಣ ಹೆಮ್ಮೆಯಿತ್ತು.

ಹೆರಿಗೆ ಮಾಡಿಸಿದವರು ಯಾರು ಎಂದು ಕೇಳಿದರು ಬಾಯಿ. ಅದೂ ತಾನೇ ಎಂದಳು. ಆ ದಿನವೂ ಇವನಿಗೆ ಔಷಧ ಹಚ್ಚಿದ್ದಿರೇನು ಎಂದರು. ಹೌದು, ಬೆಳಿಗ್ಗೆ ಹಚ್ಚಿ, ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಗಿರಿಜೆ ಹೆರಿಗೆಯ ಬ್ಯಾನಿ ಶುರುವಾಯಿತೆಂದು ಕೂಗಿದ್ದಕ್ಕೆ ಒಳಗೆ ಓಡಿದೆ ಎಂದಳು ಅತ್ತೆ. ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು. ಬಾಯಿ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತೇನೋ.

“ಅವನ ಮಾರಿ ಮ್ಯಾಲಿದ್ದ ಬ್ಯಾನಿ, ಇಕಿ ಹೊಟ್ಟ್ಯಾಗಿರೋ ಬ್ಯಾನಿ, ಎರಡೂ ಒಂದs ಹುಳದ್ದು ಇರಬಹುದು, ಅಮ್ಮಾ. ಕಣ್ಣಿಗೆ ಕಾಣೂದಿಲ್ಲ. ಕೈಯಿಂದ ಬರ್ತದ. ಹಿಂಗs ಆಗೇದ ಅಂತ ಹೇಳ್ಲಿಕ್ಕೆ ನನಗೂ ಬರೂದಿಲ್ಲ. ಆಗಿರಬಹುದು.”

ಅತ್ತೆ ತನ್ನ ಎರಡೂ ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು. ಅಲ್ಲಿ ರಕ್ತಚಂದನದ ಮಾಸಿದ ಬಣ್ಣವೊಂದು ಬಿಟ್ಟು ಬೇರೇನೂ ಇರಲಿಲ್ಲ.

ವಿಸರ್ಪ ಎಂದರೆ ಹರಿದಾಡುವುದು. ರೋಗಕ್ಕೆ ಆ ಹೆಸರಿಟ್ಟ ಯಾವನೋ ಪುರಾತನ, ಅದು ಚರ್ಮದ ಮೇಲೆ ಹರಿಯುವುದನ್ನು ಕಂಡಿದ್ದ. ಒಂದು ಮೈಯಿಂದ ಇನ್ನೊಂದು ಮೈಗೆ, ಉಪಕಾರ ಮಾಡುವ ಕೈಯನ್ನೇ ಸೇತುವೆ ಮಾಡಿಕೊಂಡು ಹರಿಯಬಹುದೆಂದು ಕಂಡಿದ್ದನೋ ಇಲ್ಲವೋ. ಮುಂದೆ ಒಂದು ದಿನ ಬಾಯಿ ನನಗೆ ಹೇಳಿದರು: ಯುರೋಪಿನ ಒಂದು ದೊಡ್ಡ ಊರಲ್ಲಿ ದೊಡ್ಡ ದೊಡ್ಡ ಡಾಕ್ಟರರೇ ಹೆಣ ಕೊಯ್ದು ಕಲಿಸಿದ ಕೈಯಿಂದ ನೇರವಾಗಿ ಹೆರಿಗೆಗೆ ಹೋಗುತ್ತಿದ್ದರಂತೆ, ಬಾಣಂತಿಯರು ಸಾಲುಸಾಲಾಗಿ ಸಾಯುತ್ತಿದ್ದರಂತೆ. ಕೈ ತೊಳೆಯಿರಿ ಎಂದ ಒಬ್ಬನೇ ಒಬ್ಬನ ಮೇಲೆ ಹಿರಿಯರು ಸಿಟ್ಟಾದರಂತೆ. ನಮ್ಮಂಥವರ ಕೈಯೂ ಮೈಲಿಗೆಯಾಗುವುದುಂಟೇ ಎಂದರಂತೆ. ಅವನು ಹುಚ್ಚರ ಆಸ್ಪತ್ರೆಯಲ್ಲಿ ಸತ್ತನಂತೆ. ಅದಾಗಿ ನೂರು ವರ್ಷವೂ ಆಗಿಲ್ಲವಂತೆ. ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು, ನಮ್ಮ ಅತ್ತೆಯೊಬ್ಬಳೇ ಅಲ್ಲವೆಂದು. ಆಗಲಿಲ್ಲ. ಮಡಿ ಮೈಲಿಗೆಯ ಹೆಸರಲ್ಲಿ ದಿನಕ್ಕೆ ಹತ್ತು ಸಲ ನೀರು ಸುರಿದುಕೊಳ್ಳುವ ಈ ದೇಶದಲ್ಲಿ, ತೊಳೆಯಲೇಬೇಕಾದ ಹೊತ್ತಿನಲ್ಲಿ ತೊಳೆಯುವುದು ಯಾಕೆ ಮರೆತುಹೋಯಿತು ಎಂದು ಇನ್ನೊಂದು ಗೊಂದಲ ಸೇರಿತು, ಅಷ್ಟೆ.

ಆ ದಿನಕ್ಕೆ ಮರಳುತ್ತೇನೆ. ಮುಂಬಯಿಯಿಂದ ಹೊಸ ಗುಳಿಗೆ ಬಂದಿದೆ, ತಾವು ಇನ್ನೂ ಬಹಳ ಜನಕ್ಕೆ ಕೊಟ್ಟಿಲ್ಲ, ಕೆಲವರು ಉಳಿದಿದ್ದಾರೆ, ಕೊಡಲೇ ಎಂದು ಬಾಯಿ ನನ್ನನ್ನು ಕೇಳಿದರು. ಡಾಕ್ಟರರು ಹೀಗೆ ಕೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಹೇಳುವವರು ಅವರು, ಕೇಳುವವರು ನಾವು ಎಂದುಕೊಂಡಿದ್ದೆ. ನಾನು ಅತ್ತೆಯ ಮುಖ ನೋಡಿದೆ. ಅದರಲ್ಲಿ ಏನಿದೆ ಎಂದು ಕೇಳಿದಳು ಅವಳು. ಬಟ್ಟೆಗೆ ಹಾಕುವ ಬಣ್ಣದಿಂದ ಮಾಡಿದ್ದು ಎಂದರು ಬಾಯಿ. ಕೊಡ್ರಿ ಎಂದಳು ಅತ್ತೆ. ನಾನೂ ತಲೆಯಾಡಿಸಿದೆ. ಬಣ್ಣ ನುಂಗಿದರೆ ಬಾಣಂತಿಯ ಜ್ವರ ಯಾಕೆ ಇಳಿಯಬೇಕು? ಯಾರೂ ನನಗೆ ಅಂದು ಹೇಳಲಿಲ್ಲ.

ಇಟ್ಟಿಗೆಯ ಪುಡಿಯಂಥ ಕೆಂಪು ಗುಳಿಗೆ. ಮರುದಿನ ಗಿರಿಜೆಯ ಮೈಯೇ ಕೆಂಪಾಯಿತು, ಮೂತ್ರ ಕುಂಕುಮದ ನೀರಿನಂತೆ ಹೋಯಿತು. ರಕ್ತವೇ ಹೋಗುತ್ತಿದೆಯೆಂದು ನಾನು ಗಾಬರಿಯಾಗಿ ಓಡಿದೆ. ಅದು ಬಣ್ಣ ಮಾತ್ರ, ಹೆದರಬೇಡಿರಿ ಎಂದರು. ತಮಾಷೆಯೆಂದರೆ, ಆ ಕೆಂಪಿಗೆ ಏನೂ ಶಕ್ತಿಯಿರಲಿಲ್ಲವೆಂದು, ಗುಣ ಮಾಡಿದ್ದು ಅದರೊಳಗಿದ್ದ ಬಣ್ಣವೇ ಇಲ್ಲದ ಇನ್ನೊಂದು ಪದಾರ್ಥವೆಂದು ಆಮೇಲೆ ಗೊತ್ತಾಯಿತಂತೆ. ಈಗ ಬರುವ ಗುಳಿಗೆ ಬೆಳ್ಳಗಿದೆ. ಕಣ್ಣಿಗೆ ರಾಚಿದ್ದು ಸುಳ್ಳು, ಕಾಣದೆ ಕೂತದ್ದು ನಿಜ.

ಅತ್ತೆ ಅಂಗಳದ ಬೇವಿನ ಮರದ ಕೆಳಗೆ ಕೂಸಿನೊಂದಿಗೆ ಉಳಿದಳು. ಕೂಸನ್ನು ಮುಟ್ಟುವ ಮುಂಚೆ ಕೈ ತೊಳೆಯಬೇಕೆಂದು ಬಾಯಿ ಒಂದು ಸಾಬೂನು ಕೊಟ್ಟಿದ್ದರು, ತೊಳೆಯುವ ರೀತಿಯನ್ನು ಮಾಡಿ ತೋರಿಸಿದ್ದರು. ಬೆರಳ ಸಂದಿ, ಉಗುರಿನ ಬುಡ, ಮೊಣಕೈಯವರೆಗೆ. ಅವಳು ಹಾಲು ಕುಡಿಸುವ ಮೊದಲು ತೊಳೆದಳು, ಕುಡಿಸಿ ತೊಳೆದಳು, ಸುಮ್ಮನೆ ಕೂತಲ್ಲಿ ಎದ್ದುಹೋಗಿ ತೊಳೆದಳು. ಎರಡನೆಯ ದಿನ ನನ್ನನ್ನು ಕರೆದು, ಗಿರಿಜೆಗೆ ದಶಮೂಲದ ಕಷಾಯ ಕೊಡಬಹುದೋ ಎಂದು ಬಾಯಿಯನ್ನು ಕೇಳಿ ಬಾ ಎಂದಳು. ನನಗೆ ನಾಚಿಕೆಯಾಯಿತು, ಆದರೂ ಕೇಳಿದೆ. ಬಾಯಿ ನಕ್ಕರು. ಚೆನ್ನಾಗಿ ಕುದಿಸಿದ್ದಾದರೆ ಕೊಡಲಿ, ಕುದಿಸಿದ್ದಕ್ಕೆ ನನ್ನ ತಕರಾರಿಲ್ಲ ಎಂದರು.

ಹೀಗೆ ಗಿರಿಜೆ ಗುಳಿಗೆಯನ್ನೂ ನುಂಗಿದಳು, ಕಷಾಯವನ್ನೂ ಕುಡಿದಳು. ನಾಲ್ಕನೆಯ ದಿನ ಬೆವರು ಬಂತು. ನನ್ನನ್ನು ನನ್ನ ಹೆಸರಿನಿಂದಲ್ಲ, ಎಂದಿನಂತೆ ‘ಇಲ್ನೋಡ್ರಿ’ ಎಂದು ಕರೆದು, ಕೂಸೆಲ್ಲಿ ಎಂದು ಕೇಳಿದಳು. ನಾನು ಗೋಡೆಗೆ ಮುಖ ತಿರುಗಿಸಿ ನಿಂತೆ. ಯಾವುದರಿಂದ ಗುಣವಾಯಿತು ಎಂದು ಆಮೇಲೆ ಬಾಯಿಯನ್ನು ಕೇಳಿದ್ದಕ್ಕೆ, ಗುಳಿಗೆಯಿಂದಲೇ ಎಂದು ನನಗೆ ಅನಿಸುತ್ತದೆ, ಆದರೆ ಗುಳಿಗೆಯಿಲ್ಲದೆ ಉಳಿದವರನ್ನೂ ನೋಡಿದ್ದೇನೆ, ನುಂಗಿಯೂ ಹೋದವರನ್ನೂ ನೋಡಿದ್ದೇನೆ ಎಂದರು. ಅವರ ಪ್ರಾಮಾಣಿಕತೆಗೆ ನಾನು ಇಂದಿಗೂ ಋಣಿ. ಆದರೆ ಒಂದು ಗಟ್ಟಿ ಉತ್ತರ ಸಿಕ್ಕಿದ್ದರೆ ಎಷ್ಟು ಹಗುರಾಗುತ್ತಿತ್ತು.

ಊರಿಗೆ ಬಂದ ಮೇಲೆ ಅತ್ತೆ ಹೆರಿಗೆಗೆ ಹೋಗುವುದನ್ನು ಬಿಟ್ಟಳು. ಕರೆಯಲು ಬಂದವರಿಗೆ ಮೈಯಲ್ಲಿ ಹುಷಾರಿಲ್ಲ ಎನ್ನುತ್ತಿದ್ದಳು. ಹಳೆಯ ಬಾಣಂತಿಯರನ್ನು ಒಬ್ಬೊಬ್ಬರನ್ನಾಗಿ ನೆನೆದು, ಇಂಥವಳು ಜ್ವರ ಬಂದು ಹೋದಳಲ್ಲ, ಅದರ ಹಿಂದಿನ ದಿನ ನಾನು ಎಲ್ಲಿ ಹೋಗಿದ್ದೆ ಎಂದು ತನ್ನಷ್ಟಕ್ಕೆ ಗುಣುಗುವುದನ್ನು ಗಿರಿಜೆ ಕೇಳಿದ್ದಳು. ನಾನು ನನ್ನ ದಾರಿಯಲ್ಲಿ ಉತ್ತರ ಹುಡುಕಿದೆ. ಅಟ್ಟದ ಮೇಲೆ ಅಜ್ಜನ ಕೈಬರಹದ ಒಂದು ಕಟ್ಟು ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ವರ್ಷಕ್ಕೊಮ್ಮೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದೆವು, ಬಿಚ್ಚಿ ಓದಿರಲಿಲ್ಲ. ಬಿಚ್ಚಿದೆ. ಹೆರಿಗೆಯ ಭಾಗದ ಮೊದಲ ಹಾಳೆಯಲ್ಲೇ ಅಜ್ಜನ ದುಂಡು ಅಕ್ಷರದಲ್ಲಿ ಬರೆದಿತ್ತು: ಹಡೆಯಿಸುವ ಹೆಂಗಸು ಉಗುರು ತೆಗೆದುಕೊಂಡಿರಬೇಕು, ಸ್ನಾನ ಮಾಡಿ ಮಡಿಯುಟ್ಟಿರಬೇಕು, ಹುಣ್ಣಿನ ರೋಗಿಯನ್ನು ಮುಟ್ಟಿ ಬಂದಿರಬಾರದು. ಯಾಕೆಂದು ಬರೆದಿರಲಿಲ್ಲ. ಯಾಕೆಂದು ಅಜ್ಜನಿಗೂ ಗೊತ್ತಿರಲಿಲ್ಲವೇನೋ. ಅವರಿಗಿಂತ ಎಷ್ಟೋ ತಲೆಮಾರು ಹಿಂದೆ ಯಾರೋ ಸಾವುಗಳನ್ನು ಎಣಿಸಿ ಕಲಿತ ಪಾಠ, ಕಾರಣವನ್ನು ದಾರಿಯಲ್ಲಿ ಉದುರಿಸಿ, ಬರೇ ಕಟ್ಟಳೆಯಾಗಿ ಇಲ್ಲಿಗೆ ಬಂದಿತ್ತು. ಓದಲು ಬಾರದ ಮಗಳಿಗೆ ಅಜ್ಜ ಬೇರುಗಳನ್ನು ಹೇಳಿಕೊಟ್ಟಿದ್ದರು, ಈ ಸಾಲು ಹೇಳುವುದನ್ನು ಮರೆತಿದ್ದರು. ಓದಲು ಬರುವ ನಾನು ಅದಕ್ಕೆ ಕುಂಕುಮ ಹಚ್ಚಿದ್ದೆ. ಕಟ್ಟನ್ನು ಮತ್ತೆ ಸುತ್ತಿಟ್ಟೆ. ಅತ್ತೆಗೆ ಹೇಳಲು ನನಗೆ ಧೈರ್ಯವಾಗಲಿಲ್ಲ.

ಆರು ತಿಂಗಳಾಗಿರಬೇಕು. ಕೆಳಗಿನ ಓಣಿಯ ಹೆಣ್ಣುಮಗಳೊಬ್ಬಳು ಎರಡು ದಿನ ಬ್ಯಾನಿ ತಿಂದಳು. ಅತ್ತೆ ಹೋಗಲಿಲ್ಲ, ಏನೂ ಅರಿಯದ ನೆರೆಯವರು ಕೈಹಾಕಿದರು, ಕೂಸು ಉಳಿಯಲಿಲ್ಲ. ಮರುದಿನ ಅತ್ತೆ ಒಂದು ಸೀರೆ ಗಂಟು ಕಟ್ಟಿಕೊಂಡು, ಹುಬ್ಬಳ್ಳಿಗೆ ಹೋಗಿ ಬರುತ್ತೇನೆ ಎಂದಳು. ಎಷ್ಟು ದಿನಕ್ಕೆ ಎಂದರೆ, ಆ ಬಾಯಿ ಎಷ್ಟು ದಿನ ಇಟ್ಟುಕೊಂಡರೆ ಅಷ್ಟು ದಿನಕ್ಕೆ ಎಂದಳು. ಅರವತ್ತರ ಹತ್ತಿರದ ಹೆಂಗಸು ಮೂರು ತಿಂಗಳು ದವಾಖಾನೆಯ ಹೊರಕೋಣೆಯಲ್ಲಿದ್ದು, ಮಗಳ ವಯಸ್ಸಿನ ನರ್ಸಮ್ಮಗಳ ಹಿಂದೆ ತಿರುಗಿ, ಕುದಿಸುವುದು, ತೊಳೆಯುವುದು, ಮತ್ತು ತನ್ನಿಂದಾಗದ್ದನ್ನು ಹೊತ್ತಿಗೆ ಮುಂಚೆ ಗುರುತಿಸಿ ಗಾಡಿ ಕಟ್ಟಿಸುವುದು, ಇಷ್ಟನ್ನು ಕಲಿತು ಬಂದಳು. ಬಂದವಳು ಮತ್ತೆ ಮನೆಮನೆಗೆ ಹೋಗತೊಡಗಿದಳು. ಯುದ್ಧ ಶುರುವಾಗಿ ಸಾಬೂನಿಗೆ ಅಭಾವ ಬಂದಾಗ ಸೀಗೆ, ಬೂದಿ, ಕುದಿದ ನೀರಿನಿಂದ ಕೈಯ ಚರ್ಮ ಬಿರಿಯುವಂತೆ ಉಜ್ಜಿಕೊಳ್ಳುತ್ತಿದ್ದಳು.

ಗಿರಿಜೆ ಎರಡನೆಯ ಸಲ ಬಸುರಿಯಾದಾಗ ನಾನು ದವಾಖಾನೆಯ ಮಾತೆತ್ತಿದೆ. ಈ ಸಲ ಅತ್ತೆಯೂ ಅದನ್ನೇ ಹೇಳಿದಳು. ಒಪ್ಪದವಳು ಗಿರಿಜೆ.

“ಅತ್ತಿ ಮಾಡಸ್ಲಿ. ಇಲ್ಲಂದ್ರ ಆಕಿ ಇನ್ನ ಬದುಕಿರೂತನಾ ತನ್ನ ಕೈ ನೋಡಕೋತನ ಕುಂದರ್ತಾಳ,” ಎಂದಳು ನನ್ನೊಬ್ಬನಿಗೇ ಕೇಳುವಂತೆ.

ಇದು ಪ್ರೀತಿಯೋ, ಹುಚ್ಚು ಸಾಹಸವೋ? ಇದಕ್ಕೆ ಒಪ್ಪಿದ ನಾನು ಒಳ್ಳೆಯ ಗಂಡನೋ, ಹೆಡ್ಡನೋ? ಒಂದು ಗಾಡಿಯನ್ನು ಬಾಗಿಲಲ್ಲಿ ಹೂಡಿ ನಿಲ್ಲಿಸಿದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಮಗಳು ಹುಟ್ಟಿದಳು. ಮೂರನೆಯ ದಿನ ನಾನು ಸಾಲೆಗೆ ಹೋಗಲಿಲ್ಲ. ಗಳಿಗೆಗೊಮ್ಮೆ ಗಿರಿಜೆಯ ಹಣೆ ಮುಟ್ಟುತ್ತಿದ್ದೆ. ಅತ್ತೆ ಹೊಸ್ತಿಲಾಚೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಹಣೆ ತಂಪಾಗಿತ್ತು. ನಾಲ್ಕನೆಯ ದಿನವೂ, ಐದನೆಯ ದಿನವೂ.

ಹತ್ತು ದಿನ ಕಳೆದ ಮೇಲೆ, ಬಿಸಿಲು ಬಿದ್ದ ಪಡಸಾಲೆಯಲ್ಲಿ ಅತ್ತೆ ಕಾಲು ಚಾಚಿ, ಕೂಸನ್ನು ಅದರ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನನ್ನನ್ನು ಕರೆದಳು.

“ತಮ್ಮಾ, ನೀ ಓದಿದಾಂವ. ಖರೇ ಹೇಳು. ಮೊದಲನೇ ಸರತಿ, ನನ್ನಿಂದನ ಬಂತೇನು?”

“ಗೊತ್ತಿಲ್ಲತ್ತಿ,” ಎಂದೆ.

“ನನಗ ಗೊತ್ತೈತಿ,” ಎಂದಳು, ಕೂಸಿನ ಬೆನ್ನು ತಿಕ್ಕುತ್ತಲೇ.

ಆಗ ನನ್ನಿಂದ ತಡೆಯಲಾಗಲಿಲ್ಲ. ಅಜ್ಜನ ಕಟ್ಟಿನಲ್ಲಿ ಉಗುರಿನ ಮಾತು, ಹುಣ್ಣಿನ ಮಾತು ಬರೆದಿತ್ತೆಂದು, ಎರಡು ವರ್ಷದಿಂದ ಅವಳಿಗೆ ಹೇಳದೆ ಇಟ್ಟುಕೊಂಡಿದ್ದೆನೆಂದು ಹೇಳಿಬಿಟ್ಟೆ. ಬಯ್ಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ಕೂತೆ. ಅವಳು ಕೂಸನ್ನು ಮಗುಚಿ ಮಲಗಿಸಿದಳು. ಆಮೇಲೆ, ಅಪ್ಪನೇ ಬರೆದಿದ್ದನೇನು ಎಂದು ಕೇಳಿದಳು. ಹೌದೆಂದೆ. ತಗೊಂಡು ಬಾ, ಮೊದಲಿನಿಂದ ಓದು ಎಂದಳು.

ಓದಿದೆ. ಬಸುರಿಯ ಊಟ, ಬ್ಯಾನಿಯ ಲಕ್ಷಣ, ಉಗುರು, ಮಡಿ, ಹುಣ್ಣು. ಅವಳು ಹೂಂಗುಟ್ಟುತ್ತ ಕೇಳುತ್ತಿದ್ದಳು. ಹೊಕ್ಕಳಬಳ್ಳಿ ಕೊಯ್ದ ಮೇಲೆ ಕೂಸಿನ ಹೊಕ್ಕಳಿಗೆ ಸಗಣಿಯ ಬೂದಿ ಹಚ್ಚಬೇಕೆಂಬ ಸಾಲು ಬಂತು. ಅವಳ ಕೈ ನಿಂತಿತು.

“ಅದು ತಪ್ಪೈತಿ. ಕುದಿಸಿದ ಅರಿವಿ ಕಟ್ಟಬೇಕು, ಮತ್ತೇನೂ ಹಚ್ಚಬಾರದು ಅಂತ ಬಾಯಾರು ಕಲಿಸ್ಯಾರ. ಹೊಡದ ಹಾಕು.”

ಅಜ್ಜನ ಅಕ್ಷರ. ಎಷ್ಟು ವರ್ಷ ಪೂಜೆ ಮಾಡಿದ ಹಾಳೆ. ಅದರ ಮೇಲೆ ಗೆರೆ ಎಳೆಯಲು ನಾನು ಯಾರು? ನಾಳೆ ಇನ್ನೊಬ್ಬ ಬಂದು ನಮ್ಮದನ್ನೂ ಹೊಡೆದುಹಾಕುವನಲ್ಲವೇ? ಲೇಖನಿ ಹಿಡಿದುಕೊಂಡು ಕೂತೇ ಇದ್ದೆ.

“ಹೊಡಿಯೋ ತಮ್ಮಾ,” ಎಂದಳು ನೀಲತ್ತಿ. “ಹೊಡದು, ಅದರ ಬಾಜೂಕ ನಾ ಹೇಳಿದ್ದು ಬರಿ.”

ಬರೆದೆ.